ಕಿಲೋಮೀಟರ್ ಕಡಿಮೆ, ಮಳೆ ಜಾಸ್ತಿ

ಮೇ ಕೊನೆಯ ವಾರ ಅಮ್ಮತ್ತಿಯ ಗ್ಯಾರೇಜಿಗೆ ಬರುವ ಕಾರುಗಳ ಮೀಟರ್ ನೋಡಿದರೆ ಬೆಂಗಳೂರಿನವರಿಗೆ ನಗು ಬಂದೀತು. ಆರು ವರ್ಷದ ಗಾಡಿ ಮೂವತ್ತು ಸಾವಿರ ಕಿಲೋಮೀಟರ್ ಕೂಡ ಓಡಿರುವುದಿಲ್ಲ. ತೋಟದಿಂದ ಪೇಟೆಗೆ, ವಾರಕ್ಕೊಮ್ಮೆ ವಿರಾಜಪೇಟೆಗೋ ಸಿದ್ದಾಪುರಕ್ಕೋ, ಮದುವೆ ಗಿದುವೆ ಇದ್ದರೆ ಮೈಸೂರಿಗೆ. ‘ಓಡಿದ್ದೇ ಎಲ್ಲಿ, ಹೊಸದರ ಹಾಗೇ ಉಂಟು’ ಎಂಬ ಸಮಾಧಾನದಲ್ಲಿ ಸರ್ವಿಸ್ ಮುಂದಕ್ಕೆ ಹೋಗುತ್ತದೆ. ಮೋಸ ಆಗುವುದು ಇಲ್ಲೇ. ದಕ್ಷಿಣ ಕೊಡಗಿನಲ್ಲಿ ಗಾಡಿಯ ವಯಸ್ಸು ಕೇಳಬೇಕಾದರೆ ಎಷ್ಟು ಕಿಲೋಮೀಟರ್ ಓಡಿದೆ ಎನ್ನುವುದಕ್ಕಿಂತ ಎಷ್ಟು ಮಳೆಗಾಲ ಕಂಡಿದೆ ಎಂದು ಕೇಳಬೇಕು.

ಎರಡು ಕಿಲೋಮೀಟರ್ ಓಡಿ ನಿಲ್ಲುವ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗೆ ಕಟ್ಟಿಕೊಂಡ ನೀರಿನ ಪಸೆ ಆವಿಯಾಗಿ ಹೋಗದೆ ಆಯಿಲಿಗೆ ಸೇರುತ್ತದೆ, ಸೈಲೆನ್ಸರ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಸ್ಟಾರ್ಟ್ ಮಾಡುವಾಗ ಖರ್ಚಾದ ಬ್ಯಾಟರಿ ಮತ್ತೆ ತುಂಬಿಕೊಳ್ಳುವ ಮೊದಲೇ ಮನೆಯ ಗೇಟು ಬಂದಿರುತ್ತದೆ. ಗಾಡಿಯ ಜೊತೆ ಕೊಡುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಓದಿದರೆ, ಇಂಥ ಗಿಡ್ಡ ಓಡಾಟವನ್ನೂ ಕೆಸರು ದಾರಿಯನ್ನೂ ಕಠಿಣ ಬಳಕೆಯ ಪಟ್ಟಿಯಲ್ಲಿ ಸೇರಿಸಿ, ಆಯಿಲ್ ಬೇಗ ಬದಲಿಸಿ ಎಂದು ಬರೆದಿರುವುದು ಕಾಣುತ್ತದೆ.

ಟೈರಿನದು ಇನ್ನೂ ದೊಡ್ಡ ಕಣ್ಕಟ್ಟು. ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು ಎನ್ನುತ್ತದೆ ಕಾನೂನು. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ, ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಅದರ ಕೆಲಸ ಮುಗಿಯಿತು. ಆದರೆ ತೋಟದ ಕಾರಿನಲ್ಲಿ ಗೀರು ಸವೆಯುವುದೇ ಇಲ್ಲ, ಅದಕ್ಕೂ ಮೊದಲು ರಬ್ಬರ್ ಮುದಿಯಾಗುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು. ನೋಡಲು ದಷ್ಟಪುಷ್ಟವಾಗಿರುವ ಈ ಗಟ್ಟಿ ರಬ್ಬರ್ ಒದ್ದೆ ಟಾರಿನ ಮೇಲೆ ಹಿಡಿತ ಕೊಡುವುದಿಲ್ಲ. ಅದರಲ್ಲೂ ಬೇಸಿಗೆಯ ಧೂಳು, ಆಯಿಲ್ ಜಿಡ್ಡು ಎಲ್ಲ ರಸ್ತೆಯಲ್ಲೇ ಉಳಿದಿರುವಾಗ ಬೀಳುವ ಮೊದಲ ಮಳೆ ಅಪಾಯದ್ದು. ಕಾಫಿಗೆ ಹೂಮಳೆ ಬಂತೆಂದು ಖುಷಿಯಲ್ಲಿ ಪೇಟೆಗೆ ಹೊರಟವರು ತಿರುವಿನಲ್ಲಿ ಜಾರುವುದು ಆಗಲೇ.

ಜೂನ್ ಹಿಡಿಯಿತೆಂದರೆ ಬೇರೆಯದೇ ಲೆಕ್ಕ. ಬೇಸಿಗೆಯ ಬಿಸಿಲಿಗೆ ಒಣಗಿದ ವೈಪರ್ ರಬ್ಬರ್ ಗಾಜಿನ ಮೇಲೆ ಗೆರೆ ಎಳೆಯುವುದನ್ನು ಬಿಟ್ಟು ಇನ್ನೇನೂ ಮಾಡುವುದಿಲ್ಲ. ಗಾಜಿನ ಬುಡದಲ್ಲಿ ಎಲೆ ತುಂಬಿ ನೀರು ಹೋಗುವ ತೂತು ಕಟ್ಟಿದರೆ ಮಳೆ ನೇರ ಕಾಲ ಬುಡಕ್ಕೆ ಇಳಿಯುತ್ತದೆ. ಇಲಿಗಳಿಗೆ ಬಾನೆಟ್ಟಿನ ಒಳಗೆ ಬೆಚ್ಚಗಿನ ಮನೆ ಸಿಗುತ್ತದೆ, ವಯರ್ ಕಡಿದ ಮೇಲೆ ಗೊತ್ತಾಗುವುದು ನಮಗೆ. ಬ್ರೇಕ್ ಆಯಿಲ್ ಗಾಳಿಯ ಪಸೆ ಹೀರುವ ಗುಣದ್ದು, ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುತ್ತಾರೆ. ಕಕ್ಕಡ ತಿಂಗಳ ಮಳೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ನಿಲ್ಲಿಸಿದ ಗಾಡಿಯ ಹಿಂದಿನ ಚಕ್ರ ತಿರುಗದೆ ಹಟ ಹಿಡಿದದ್ದನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಅದಕ್ಕೇ ಶೆಡ್ಡಿನಲ್ಲಿ ಗೇರ್ ಹಾಕಿ, ಚಕ್ರಕ್ಕೊಂದು ಕಲ್ಲು ಕೊಟ್ಟು ಬಿಡುವ ರೂಢಿ.

ಇಳಿಜಾರಿನ ವಿಷಯದಲ್ಲಿ ಮಾತ್ರ ಅನುಭವಿಗಳೇ ಹೆಚ್ಚು ತಪ್ಪು ಮಾಡುತ್ತಾರೆ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಬಿಡುವ ಚಾಳಿ ಒಂದು ಕಾಲಕ್ಕೆ ನನಗೂ ಇತ್ತು. ಎಂಜಿನ್ ನಿಂತರೆ ಪವರ್ ಬ್ರೇಕ್ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಉಳಿಯುತ್ತದೆ, ಆಮೇಲೆ ಪೆಡಲ್ ಕಲ್ಲು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿಯಲ್ಲಿ ಕೇರಳದ ಕಡೆ ಇಳಿಯುವಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆ ಬ್ರೇಕನ್ನು ಒತ್ತಿಕೊಂಡೇ ಇಳಿದವರದು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಲಾರಿ ಚಾಲಕರ ಹಳೆಯ ಮಾತಿಗೆ ಇಂದಿಗೂ ತಿದ್ದುಪಡಿ ಬೇಕಾಗಿಲ್ಲ. ಎದುರಾಬದುರು ಸಿಕ್ಕಾಗ ಯಾರು ಹಿಂದೆ ಸರಿಯಬೇಕು ಎಂಬ ಜಗಳಕ್ಕೂ ಉತ್ತರ ಇದೆ. ಗುಡ್ಡದ ಕಿರಿದಾದ ದಾರಿಯಲ್ಲಿ ಹತ್ತುವ ಗಾಡಿಗೆ ದಾರಿ, ಇಳಿಯುವವರು ಬದಿಗೆ ನಿಲ್ಲಬೇಕು ಎಂದು 2017ರ ಚಾಲನಾ ನಿಯಮಗಳಲ್ಲೇ ಇದೆ. ಪ್ರವಾಸಿಗರು ತುಂಬುವ ಶನಿವಾರ ಭಾನುವಾರ ಇದನ್ನು ವಿವರಿಸುತ್ತ ನಿಲ್ಲುವುದು ಕಷ್ಟ, ನಾವೇ ರಿವರ್ಸ್ ಹೋಗುವುದು ಸುಲಭ.

ಇನ್ನು ಆನೆ. ಅಮ್ಮತ್ತಿ, ಪಾಲಿಬೆಟ್ಟ, ಸಿದ್ದಾಪುರ, ಮಾಲ್ದಾರೆ ಸುತ್ತಲಿನ ತೋಟಗಳಲ್ಲಿ ಅವು ಈಗ ಬಂದು ಹೋಗುವ ನೆಂಟರಲ್ಲ, ಕಾಫಿ ಗಿಡದ ಮರೆಯಲ್ಲೇ ಹಗಲು ಕಳೆದು ಕತ್ತಲಾದ ಮೇಲೆ ರಸ್ತೆ ದಾಟುತ್ತವೆ. ಹಲಸು ಹಣ್ಣಾಗುವುದೂ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ. ಹಲಸಿನ ವಾಸನೆಗೆ ಆನೆ, ಮಳೆಗೆ ಮಂಜು, ಮಂಜಿಗೆ ಹೈಬೀಮ್ ಹಾಕುವ ನಾವು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಬೀಳುತ್ತದೆ, ಲೋಬೀಮೇ ವಾಸಿ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸಿದರೆ ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವನಿಗೆ ತಿಳಿಯುವ ಬಗೆಯೇ ಇಲ್ಲ, ಅದು ನಿಂತ ಗಾಡಿಗೆ ಇರುವ ದೀಪ. ತಿರುವಿನಾಚೆ ಕಪ್ಪು ಗೋಡೆಯಂತೆ ಏನಾದರೂ ಕಂಡರೆ ಹಾರ್ನ್ ಬೇಡ, ಲೈಟ್ ಮಿಟುಕಿಸುವುದು ಬೇಡ, ಫೋಟೊ ಅಂತೂ ಬೇಡವೇ ಬೇಡ. ದೂರದಲ್ಲೇ ನಿಂತು, ಎಂಜಿನ್ ಚಾಲೂ ಇಟ್ಟು, ನಿಧಾನವಾಗಿ ಹಿಂದಕ್ಕೆ. ಒಂದು ದಾಟಿತೆಂದು ಹೊರಡಬಾರದು, ಹಿಂದೆ ಮರಿ ಇರಬಹುದು. ಹಿಂದಕ್ಕೆ ಬರಲು ರಿವರ್ಸ್ ಲೈಟ್ ಉರಿಯಬೇಕಲ್ಲ! ಅದು ಸುಟ್ಟು ಎಷ್ಟು ತಿಂಗಳಾಯಿತೋ ನೋಡಿದವರಾರು?

2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಮನೆಗಳೇ ಹೋದವು. ಅಂಥ ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ಹೊಕ್ಕ ನೀರು ಅದುಮಿದರೆ ಕುಗ್ಗುವುದಿಲ್ಲ, ಬಾಗುವುದು ಒಳಗಿನ ಕಬ್ಬಿಣ. ನೂಕಿ ದಡಕ್ಕೆ ತಂದು ಮೆಕ್ಯಾನಿಕ್‌ಗೆ ಹೇಳಿಕಳಿಸುವುದೇ ಸರಿ.

ಸೀಟ್ ಬೆಲ್ಟ್ ಎಂದರೆ ‘ಇಲ್ಲೇ ತನಕ ಅಲ್ವಾ’ ಎನ್ನುತ್ತಾರೆ. ಇಡೀ ಜೀವನ ‘ಇಲ್ಲೇ ತನಕ’ವೇ ಓಡಾಡುವ ಊರಿನಲ್ಲಿ ಬೆಲ್ಟ್ ಹಾಕುವುದು ಯಾವಾಗ?

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಇಳಿಸಿ, ನಳಿಗೆ ಒರೆಸಿ, ಎಣ್ಣೆ ಹಾಕಿ, ತೋಕ್‌ಪೂ ಹೂವು ಸಿಕ್ಕಿಸುವ ಮನೆಗಳಲ್ಲಿ ಆಯುಧಪೂಜೆಗೆ ಕಾರಿಗೂ ಹಾರ ಬೀಳುತ್ತದೆ, ಚಕ್ರದಡಿ ನಿಂಬೆಹಣ್ಣು ಬೀಳುತ್ತದೆ. ಕೋವಿಯ ಒಳಗನ್ನು ಬೆಳಕಿಗೆ ಹಿಡಿದು ನೋಡುವ ಅದೇ ಕಣ್ಣು ನಿಂಬೆಹಣ್ಣು ಇಡಲು ಬಗ್ಗಿದಾಗ ಟೈರನ್ನು ನೋಡುವುದಿಲ್ಲ ಎಂಬುದು ನನ್ನ ತಕರಾರು. ಸ್ಟೆಪ್ನಿಯ ಗಾಳಿಯನ್ನಂತೂ ಕೇಳುವುದೇ ಬೇಡ.

ಡಿಸೆಂಬರಿಗೆ ಕಾಫಿ ಕೊಯ್ಲು ಬಿರುಸಾಗಿ, ಲೈನ್‌ಮನೆಗಳಿಂದ ಆಳುಗಳನ್ನು ತುಂಬಿಕೊಂಡ ಪಿಕಪ್‌ಗಳು ಮುಂಜಾನೆಯೇ ರಸ್ತೆಗೆ ಬೀಳುತ್ತವೆ. ಸಾಮಾನು ಸಾಗಿಸುವ ಗಾಡಿಯಲ್ಲಿ ಜನ ತುಂಬುವುದು ಕಾನೂನಿಗೆ ವಿರುದ್ಧ ಎಂದು ಗೊತ್ತಿದ್ದೂ ನಡೆಯುತ್ತದೆ. ಕೆಸರು ಮೆತ್ತಿದ ಹಿಂದಿನ ದೀಪ ಸಂಜೆ ಯಾರಿಗೂ ಕಾಣಿಸುವುದಿಲ್ಲ. ಕಾಫಿ ಮೂಟೆ ಹೇರಿದ ಒಂದು ಗಾಡಿ ಏರಿನಲ್ಲಿ ಕೆಟ್ಟು ನಿಂತರೆ ಚಾಲಕ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ರಿಪೇರಿ ಮುಗಿದು ಹೊರಡುವಾಗ ಆ ಕಲ್ಲನ್ನು ಬದಿಗೆ ಎತ್ತಿಡಲು ಒಬ್ಬರೂ ಇಳಿಯುವುದಿಲ್ಲ. ಕತ್ತಲಲ್ಲಿ ಬರುವ ಸ್ಕೂಟರಿಗೆ ಅದೇ ಎದುರಾಗುತ್ತದೆ. ಹಳೆಯ ಲಾರಿಯವರು ಮರದ ಕೊರಡಿಗೆ ಹಗ್ಗ ಕಟ್ಟಿ ಗಾಡಿಗೇ ಸಿಕ್ಕಿಸಿಕೊಂಡಿರುತ್ತಿದ್ದರು, ಹೊರಟರೆ ಅದೂ ಜೊತೆಗೇ ಬರುತ್ತಿತ್ತು. ಇಷ್ಟೊಂದು ಸಿಲ್ವರ್ ಓಕ್ ಬೆಳೆಯುವ ಊರಿನಲ್ಲಿ ಡಿಕ್ಕಿಗೊಂದು ಮರದ ತುಂಡಿಗೆ ಬರವೇ?