ಸಿಹಿಯನ್ನರಿಯದ ಪ್ರಾಣಿಗೆ ಸಕ್ಕರೆಯ ರೋಗ

ನಮ್ಮ ಮನೆಯ ಬೆಕ್ಕಿಗೆ ಹನ್ನೊಂದು ವರ್ಷ ತುಂಬಿದ ಬೇಸಗೆಯಲ್ಲಿ ನಾವು ಒಂದು ವಿಚಿತ್ರವನ್ನು ಕಂಡೆವು. ಅದು ಮೂತ್ರ ವಿಸರ್ಜಿಸುತ್ತಿದ್ದ ಮರಳಿನ ತಟ್ಟೆಗೆ ಇರುವೆಗಳು ಸಾಲುಗಟ್ಟಿ ಬರಲಾರಂಭಿಸಿದವು. ಮೊದಲು ದಿನವಿಡೀ ಸಾಲುತ್ತಿದ್ದ ಒಂದು ಬಟ್ಟಲು ನೀರು ಈಗ ಮಧ್ಯಾಹ್ನಕ್ಕೇ ಬರಿದಾಗುತ್ತಿದ್ದಿತು. ಬೆಕ್ಕು ಎಂದಿಗಿಂತ ಹೆಚ್ಚು ತಿನ್ನುತ್ತಿದ್ದರೂ ಅದರ ಬೆನ್ನಿನ ಎಲುಬುಗಳು ಕೈಗೆ ಸಿಕ್ಕುವಷ್ಟು ಬಡವಾಯಿತು. ಅಲಮಾರಿನ ಮೇಲಕ್ಕೆ ಒಂದೇ ನೆಗೆತಕ್ಕೆ ಏರುತ್ತಿದ್ದ ಪ್ರಾಣಿ ಹಿಂಗಾಲುಗಳ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗಿತು. ವಯಸ್ಸಾಯಿತೆಂದು ನಾವು ಸಮಾಧಾನ ಹೇಳಿಕೊಳ್ಳುತ್ತಿದ್ದಾಗ ಎಚ್ಚರಿಸಿದುವು ಇರುವೆಗಳೇ. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಬಹು ಹಿಂದೆಯೇ ಗಮನಿಸಿದ್ದರಷ್ಟೆ. ಪಶುವೈದ್ಯರು ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಿ ಬೆಕ್ಕಿಗೆ ಸಕ್ಕರೆಯ ರೋಗವೆಂದು ತಿಳಿಸಿದರು.

ಬೆಕ್ಕು ಸಕ್ಕರೆಯನ್ನು ಬಯಸುವ ಪ್ರಾಣಿಯಲ್ಲ. ಅದಕ್ಕೆ ಸಿಹಿಯ ರುಚಿಯೇ ತಿಳಿಯದು. ನಾಲಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕವು ರೂಪುಗೊಳ್ಳಲು ಎರಡು ಜೀನುಗಳು ಬೇಕು. ಬೆಕ್ಕಿನ ಕುಲದಲ್ಲಿ ಇವುಗಳಲ್ಲಿ ಒಂದು ಕೆಟ್ಟುಹೋಗಿರುವುದೆಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಸಿಹಿಯನ್ನೇ ಅರಿಯದ ಪ್ರಾಣಿಗೆ ಸಿಹಿಮೂತ್ರ ರೋಗವು ಬರುವುದು ಹೇಗೆ?

ರೋಗದ ಮೂಲ

ಬೆಕ್ಕು ಮಾಂಸವನ್ನು ತಿಂದೇ ಬದುಕಬೇಕಾದ ಪ್ರಾಣಿ. ಅದರ ಸಹಜ ಆಹಾರವಾದ ಇಲಿಯಲ್ಲಿಯೂ ಹಕ್ಕಿಯಲ್ಲಿಯೂ ಪಿಷ್ಟವು ಇಲ್ಲವೆಂಬಷ್ಟು ಕಡಿಮೆ. ಆದರೂ ಮಿದುಳಿಗೆ ಗ್ಲೂಕೋಸ್ ಬೇಕೇ ಬೇಕು. ಆದುದರಿಂದ ಬೆಕ್ಕಿನ ಪಿತ್ತಜನಕಾಂಗವು ಮಾಂಸದ ಪ್ರೋಟೀನನ್ನು ಒಡೆದು ಹಗಲಿರುಳೂ ಗ್ಲೂಕೋಸನ್ನು ತಯಾರಿಸುತ್ತಿರುತ್ತದೆ. ಈ ಗ್ಲೂಕೋಸು ರಕ್ತದಿಂದ ಮಾಂಸಖಂಡಗಳ ಮತ್ತು ಕೊಬ್ಬಿನ ಜೀವಕಣಗಳೊಳಕ್ಕೆ ಹೋಗಬೇಕಾದರೆ ಮೇದೋಜೀರಕಾಂಗವು ಸ್ರವಿಸುವ ಇನ್ಸುಲಿನ್ ಎಂಬ ರಸವು ಬೇಕು. ಮೈ ಬೆಳೆಸಿ, ಮನೆಯೊಳಗೇ ಮಲಗಿ ಕಾಲ ಕಳೆಯುವ ನಡುವಯಸ್ಸು ದಾಟಿದ ಬೆಕ್ಕುಗಳಲ್ಲಿ, ಅದರಲ್ಲಿಯೂ ಬೀಜ ತೆಗೆಸಿದ ಗಂಡುಗಳಲ್ಲಿ, ಜೀವಕಣಗಳು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳದಂತಾಗುತ್ತವೆ. ಮೇದೋಜೀರಕಾಂಗವು ಮೇಲೆ ಮೇಲೆ ಇನ್ಸುಲಿನ್ ಸುರಿಸಿ ದಣಿಯುತ್ತದೆ. ಅದರ ಕಣಗಳ ನಡುವೆ ಅಮಿಲಾಯ್ಡ್ ಎಂಬ ಅಂಟುವಸ್ತುವೂ ಶೇಖರವಾಗುತ್ತದೆ. ಪ್ರಾಯ ಕಳೆದ ಮನುಷ್ಯರಿಗೆ ಬರುವ ಮಧುಮೇಹವನ್ನು ಇದು ಬಹುಮಟ್ಟಿಗೆ ಹೋಲುವುದು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ರಕ್ತದಲ್ಲಿ ಸಕ್ಕರೆಯು ಬಹುಕಾಲ ಏರಿಯೇ ಇದ್ದರೆ ಆ ಸಕ್ಕರೆಯೇ ಇನ್ಸುಲಿನ್ ತಯಾರಿಸುವ ಕಣಗಳನ್ನು ಕುಗ್ಗಿಸುತ್ತದೆ. ಕಣಗಳು ಕುಗ್ಗಿದಷ್ಟೂ ಸಕ್ಕರೆಯು ಇನ್ನಷ್ಟು ಏರುವುದು. ಈ ವಿಷಚಕ್ರವನ್ನು ಬೇಗನೆ ಮುರಿದರೆ, ಅಳಿದುಳಿದ ಕಣಗಳು ಚೇತರಿಸಿಕೊಂಡು, ಕೆಲವು ಬೆಕ್ಕುಗಳು ತಿಂಗಳುಗಳೊಳಗಾಗಿ ಹೊರಗಿನ ಇನ್ಸುಲಿನ್ ಇಲ್ಲದೆಯೇ ಬದುಕಬಲ್ಲವು. ಚಿಕಿತ್ಸೆಯನ್ನು ತಡಮಾಡಬಾರದೆಂಬುದಕ್ಕೆ ಇದೇ ಮುಖ್ಯ ಕಾರಣ.

ಅರ್ಧ ಹನಿಯ ಮದ್ದು

ಮೇದೋಜೀರಕಾಂಗವನ್ನು ತೆಗೆದುಹಾಕಿದ ನಾಯಿಗೆ ಮಧುಮೇಹ ಬರುವುದನ್ನು 1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬವರು ಕಂಡುಕೊಂಡರು. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು, ಮೆಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ, ಆ ಅಂಗದಿಂದ ಇನ್ಸುಲಿನ್ನನ್ನು ಬೇರ್ಪಡಿಸಿದರು. ಕಾಲಿಪ್ ಎಂಬವರು ಅದನ್ನು ಶುದ್ಧಿಗೊಳಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನು ಈ ಮದ್ದನ್ನು ಪಡೆದ ಮೊದಲ ರೋಗಿಯಾದನು. ಇನ್ಸುಲಿನ್ 51 ಅಮೈನೋ ಆಮ್ಲಗಳ ಸರಪಣಿ. ಹಸುವಿನ ಇನ್ಸುಲಿನ್ನಿಗೂ ಬೆಕ್ಕಿನದಕ್ಕೂ ಈ ಸರಪಣಿಯಲ್ಲಿ ಒಂದೇ ಒಂದು ಕೊಂಡಿಯ ಭೇದ. ಮನುಷ್ಯನದಕ್ಕೂ ಬೆಕ್ಕಿನದಕ್ಕೂ ನಾಲ್ಕು ಕೊಂಡಿಗಳ ಭೇದ. ಆದುದರಿಂದಲೇ ಮನುಷ್ಯರಿಗಾಗಿ ತಯಾರಾದ ಇನ್ಸುಲಿನ್ ಬೆಕ್ಕಿನಲ್ಲಿಯೂ ಕೆಲಸ ಮಾಡುವುದು.

ಸಾಮಾನ್ಯವಾಗಿ ಪಶುವೈದ್ಯರು ಒಂದು ಯೂನಿಟ್ಟಿನಷ್ಟು ಅಲ್ಪ ಪ್ರಮಾಣದಿಂದ ಆರಂಭಿಸಿ, ಹನ್ನೆರಡು ಗಂಟೆಗಳಿಗೊಮ್ಮೆ ಚರ್ಮದ ಕೆಳಗೆ ಚುಚ್ಚಲು ಹೇಳುವರು. ಈ ಪ್ರಮಾಣ ಎಷ್ಟೆಂಬುದನ್ನು ಊಹಿಸಿ ನೋಡಿ. ನಮ್ಮ ದೇಶದ ಔಷಧದಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ದೊರೆಯುವುದುಂಟು. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಮೊದಲನೆಯದರ ಒಂದು ಯೂನಿಟ್ ಎಂದರೆ 0.025 ಮಿಲಿಲೀಟರ್, ಅಂದರೆ ಸುಮಾರು ಅರ್ಧ ಹನಿ. ಎರಡಕ್ಕೂ ಬೇರೆ ಬೇರೆ ಸಿರಿಂಜುಗಳಿವೆ; ಸಾಮಾನ್ಯವಾಗಿ 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆಯ ಮುಚ್ಚಳ. 100ರ ಸೀಸೆಯಿಂದ ತೆಗೆದ ಮದ್ದನ್ನು 40ರ ಸಿರಿಂಜಿನಲ್ಲಿ ‘2’ ಎಂಬ ಗೆರೆಯವರೆಗೆ ತುಂಬಿದರೆ ಏನಾಗುವುದು? ಆ ಗೆರೆಗೆ ಹಿಡಿಸುವುದು 0.05 ಮಿಲಿಲೀಟರ್, ಅದರಲ್ಲಿರುವುದು ಎರಡಲ್ಲ, ಐದು ಯೂನಿಟ್! ನಾಲ್ಕು ಕಿಲೋಗ್ರಾಂ ತೂಕದ ಪ್ರಾಣಿಗೆ ಈ ತಪ್ಪು ಮೃತ್ಯುವಾಗಬಹುದು. ಗಣಿತದಲ್ಲಿ ಅನುಪಾತದ ಲೆಕ್ಕವೇಕೆಂದು ಕೇಳುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಬೆಕ್ಕಿನ ಚರ್ಮವನ್ನು ಡೇರೆಯಂತೆ ಮೇಲಕ್ಕೆತ್ತಿ, ಆ ಮಡಿಕೆಯೊಳಕ್ಕೆ ಸೂಜಿಯನ್ನು ಇಳಿಸಬೇಕು. ಸೂಜಿಯು ಕೂದಲಿನಷ್ಟು ಸಣ್ಣದಾದುದರಿಂದ, ತಿನ್ನುತ್ತಿರುವ ಬೆಕ್ಕು ಅದನ್ನು ಲೆಕ್ಕಿಸುವುದಿಲ್ಲ. ಕೆಲವೊಮ್ಮೆ ಮದ್ದು ಚರ್ಮದೊಳಕ್ಕೆ ಹೋಗದೆ ರೋಮದ ಮೇಲೆ ಚೆಲ್ಲಿಹೋಗುವುದು. ಆಗ ಎಷ್ಟು ಒಳಗೆ ಹೋಯಿತೆಂಬುದು ತಿಳಿಯದಾದ್ದರಿಂದ ಮತ್ತೊಮ್ಮೆ ಚುಚ್ಚಲೇಕೂಡದು. ಒಂದು ಹೊತ್ತಿನ ಮದ್ದು ತಪ್ಪಿದರೆ ಬೆಕ್ಕು ಸಾಯುವುದಿಲ್ಲ, ಇಮ್ಮಡಿಯಾದರೆ ಸಾಯಬಹುದು.

ನಾವು ಮಾಡಿದ ತಪ್ಪು

ಈ ಮಾತನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಚಿಕಿತ್ಸೆಯು ಆರಂಭವಾದ ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ಏಳು ಗಂಟೆಗೆ ಮನೆಯಲ್ಲೊಬ್ಬರು ಬೆಕ್ಕಿಗೆ ಇನ್ಸುಲಿನ್ ಕೊಟ್ಟು ಹೊರಗೆ ಹೋದರು. ಅದನ್ನರಿಯದ ಇನ್ನೊಬ್ಬರು ಏಳೂವರೆಗೆ ಮತ್ತೆ ಕೊಟ್ಟರು. ಹತ್ತು ಗಂಟೆಯ ಹೊತ್ತಿಗೆ ಬೆಕ್ಕು ಕುಡಿದವರಂತೆ ತೂರಾಡುತ್ತಾ ಬಂದು ಬಾಗಿಲ ಬಳಿ ಕುಸಿಯಿತು. ಕಣ್ಣುಗಳು ಅರಳಿದ್ದವು, ತಲೆ ನಡುಗುತ್ತಿದ್ದಿತು. ಕಿವಿಯಿಂದ ತೆಗೆದ ರಕ್ತವು 38 ಎಂದು ತೋರಿಸಿತು. ಬೆಕ್ಕಿನ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು 60 ಮಿಲಿಗ್ರಾಮಿಗಿಂತ ಕೆಳಕ್ಕಿಳಿದರೆ ಅಪಾಯವೆಂದು ತಿಳಿಯಬೇಕು. ಮಿದುಳಿಗೆ ಬೇಕಾದ ಇಂಧನವೇ ತೀರುತ್ತಾ ಬರುವುದು.

ಜೇನುತುಪ್ಪವನ್ನು ಬೆರಳಿಗೆ ಹಚ್ಚಿ ಒಸಡಿಗೆ ಉಜ್ಜಿದೆವು. ಇಂತಹ ಸಮಯದಲ್ಲಿ ಬಾಯಿಗೆ ದ್ರವವನ್ನು ಸುರಿಯಬಾರದು. ನುಂಗಲಾರದ ಪ್ರಾಣಿಯ ಶ್ವಾಸಕೋಶಕ್ಕೆ ಅದು ಇಳಿಯಬಹುದು. ಕೆಲವು ನಿಮಿಷಗಳಲ್ಲಿ ಬೆಕ್ಕು ತಲೆಯೆತ್ತಿತು. ಆದರೆ ಜೇನಿನ ಪರಿಣಾಮ ಸ್ವಲ್ಪ ಹೊತ್ತಿನದು, ಇನ್ಸುಲಿನ್ನಿನದು ಹಲವು ಗಂಟೆಗಳದು. ಆದುದರಿಂದ ಅಲ್ಲಿಗೇ ನಿಲ್ಲದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ದೆವು. ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟು ಸಂಜೆಯವರೆಗೂ ಕಾದ ಮೇಲೆ ಬೆಕ್ಕು ಅಪಾಯದಿಂದ ಪಾರಾಯಿತು. ಅಂದಿನಿಂದ ಇನ್ಸುಲಿನ್ ಇಡುವ ಶೀತಕಪಾಟಿನ ಬಾಗಿಲಿಗೆ ಒಂದು ನೋಟುಪುಸ್ತಕವನ್ನು ತೂಗಹಾಕಿದ್ದೇವೆ. ವೇಳೆ, ಸಕ್ಕರೆಯ ಅಂಕಿ, ತಿಂದ ಆಹಾರ, ಕೊಟ್ಟ ಯೂನಿಟ್, ಕೊಟ್ಟವರ ಹೆಸರು ಇಷ್ಟನ್ನೂ ಬರೆಯದೆ ಯಾರೂ ಸಿರಿಂಜನ್ನು ಕೆಳಗಿಡುವಂತಿಲ್ಲ.

ಒಂದು ಹನಿ ರಕ್ತದ ಸಾಕ್ಷ್ಯ

ಮೂತ್ರವನ್ನೇ ಪರೀಕ್ಷಿಸಿದರೆ ಸಾಲದೆ, ಕಿವಿಯನ್ನೇಕೆ ಚುಚ್ಚಬೇಕೆಂದು ವಾಚಕರು ಕೇಳಬಹುದು. ಮೂತ್ರಪಿಂಡಗಳು ಒಂದು ಮಟ್ಟದವರೆಗೆ ಸಕ್ಕರೆಯನ್ನು ರಕ್ತಕ್ಕೆ ಹಿಂದಿರುಗಿಸುತ್ತವೆ. ಆ ಮಟ್ಟವನ್ನು ಮೀರಿದುದು ಮಾತ್ರ ಮೂತ್ರಕ್ಕೆ ಸೇರುವುದು. ಮನುಷ್ಯನಲ್ಲಿ ಈ ಮಟ್ಟ ಸುಮಾರು 180 ಮಿಲಿಗ್ರಾಂ. ಬೆಕ್ಕಿನಲ್ಲಿ ಸುಮಾರು 250 ಅಥವಾ ಅದಕ್ಕೂ ಹೆಚ್ಚು. ಹೀಗಾಗಿ ಮೂತ್ರದಲ್ಲಿ ಸಕ್ಕರೆಯಿಲ್ಲವೆಂದರೆ ರಕ್ತದಲ್ಲಿ ಅದು 200 ಇದ್ದೀತು, 100 ಇದ್ದೀತು, 40ಕ್ಕೂ ಇಳಿದಿದ್ದೀತು. ಅಪಾಯವಿರುವ ಕಡೆಯಲ್ಲಿಯೇ ಮೂತ್ರವು ಮೌನವಾಗಿರುವುದು.

ಚಿಕಿತ್ಸಾಲಯದಲ್ಲಿ ತೆಗೆದ ರಕ್ತಕ್ಕೂ ಒಂದು ದೋಷವುಂಟು. ಅಪರಿಚಿತ ಸ್ಥಳದಲ್ಲಿ, ನಾಯಿಗಳ ಬೊಗಳಿಕೆಯ ನಡುವೆ ಬೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆಯು ಥಟ್ಟನೆ ಏರಿಬಿಡುತ್ತದೆ. ರೋಗವೇ ಇಲ್ಲದ ಬೆಕ್ಕು ಸಹ 300ನ್ನು ತೋರಿಸಬಹುದು. ಆದುದರಿಂದಲೇ ವೈದ್ಯರು ರೋಗವನ್ನು ನಿಶ್ಚಯಿಸುವಾಗ ಫ್ರಕ್ಟೋಸಮೀನ್ ಎಂಬ ವಸ್ತುವನ್ನೂ ಅಳೆಯುವರು. ಇದು ರಕ್ತದ ಪ್ರೋಟೀನಿಗೆ ಸಕ್ಕರೆಯು ಅಂಟಿಕೊಂಡು ಆಗುವುದು. ಕಳೆದ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವುದು. ಗಳಿಗೆಯ ಭಯಕ್ಕೆ ಬದಲಾಗದು.

ದಿನನಿತ್ಯದ ಪರೀಕ್ಷೆಗೆ ಮನೆಯೇ ಸರಿಯಾದ ಸ್ಥಳ. ಕಿವಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಅಂಚಿನ ಸಣ್ಣ ರಕ್ತನಾಳದ ಬಳಿ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುವುದು. ಗ್ಲೂಕೋಮೀಟರಿನ ಪಟ್ಟಿಯು ಅದನ್ನು ಹೀರಿಕೊಂಡು ಕ್ಷಣಗಳಲ್ಲಿ ಉತ್ತರ ಕೊಡುವುದು. ಮನುಷ್ಯರಿಗಾಗಿ ಮಾಡಿದ ಯಂತ್ರವು ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಕಡಿಮೆಯ ಅಂಕಿಯನ್ನು ತೋರಿಸುವುದು ಸಾಮಾನ್ಯ. ಮನುಷ್ಯನ ರಕ್ತದ ಗ್ಲೂಕೋಸಿನಲ್ಲಿ ಗಣನೀಯ ಭಾಗವು ಕೆಂಪು ಕಣಗಳೊಳಗಿದ್ದರೆ, ಬೆಕ್ಕಿನಲ್ಲಿ ಬಹುಪಾಲು ದ್ರವಭಾಗದಲ್ಲಿಯೇ ಇರುವುದು. ಪ್ರಾಣಿಗಳಿಗೆಂದೇ ಹೊಂದಿಸಿದ ಯಂತ್ರಗಳಿವೆ. ಯಾವುದಾದರೂ ಸರಿ, ಒಂದೇ ಯಂತ್ರವನ್ನು ಸದಾ ಬಳಸಿ, ಅದರ ಸ್ವಭಾವವನ್ನು ವೈದ್ಯರಿಗೆ ತಿಳಿಸಿರಬೇಕು.

ಅಂಕಿಗಳನ್ನು ಓದುವ ಬಗೆ

ಒಂದು ದಿನದಲ್ಲಿ ಎರಡು ಗಂಟೆಗಳಿಗೊಮ್ಮೆ ಅಳೆದಾಗ ಈ ಅಂಕಿಗಳು ದೊರೆತುವೆಂದು ಇಟ್ಟುಕೊಳ್ಳೋಣ: ಬೆಳಗ್ಗೆ 7ಕ್ಕೆ ಸೂಜಿಗೆ ಮುಂಚೆ 340, 9ಕ್ಕೆ 260, 11ಕ್ಕೆ 170, 1ಕ್ಕೆ 110, 3ಕ್ಕೆ 150, 5ಕ್ಕೆ 240, 7ಕ್ಕೆ 320. ಇವನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿದರೆ ಕಣಿವೆಯಂತಹ ರೇಖೆಯು ಮೂಡುವುದು. ಬೆಳಗಿನ 340ನ್ನು ಮಾತ್ರ ನೋಡಿದವರು ಮದ್ದು ಸಾಲದೆಂದು ಹೆಚ್ಚಿಸುವರು. ಆದರೆ ಕಣಿವೆಯ ತಳವು ಆಗಲೇ 110ನ್ನು ಮುಟ್ಟಿದೆ. ತಳವು 80ರಿಂದ 150ರ ನಡುವೆ ಇರಬೇಕೆಂಬುದು ಪಶುವೈದ್ಯರ ಗುರಿ. ಇಲ್ಲಿ ಪ್ರಮಾಣವನ್ನು ಏರಿಸಿದರೆ ಮಧ್ಯಾಹ್ನ ಒಂದು ಗಂಟೆಗೆ, ಮನೆಯವರೆಲ್ಲ ಹೊರಗಿರುವ ಹೊತ್ತಿನಲ್ಲಿ, ಬೆಕ್ಕು ಕುಸಿದು ಬೀಳಬಹುದು. ಮದ್ದಿನ ಪ್ರಮಾಣವನ್ನು ನಿರ್ಣಯಿಸುವಾಗ ಶಿಖರಕ್ಕಿಂತ ತಳವನ್ನೇ ಮುಖ್ಯವಾಗಿ ನೋಡಬೇಕು. ಬದಲಾವಣೆಯನ್ನಾದರೂ, ಒಂದು ಪ್ರಮಾಣವನ್ನು ಕೆಲವು ದಿನಗಳ ಕಾಲ ನಡೆಸಿ ನೋಡಿದ ಮೇಲೆ, ಅರ್ಧ ಅಥವಾ ಒಂದು ಯೂನಿಟ್ಟಿನಷ್ಟೇ, ವೈದ್ಯರ ಸಲಹೆಯಂತೆ ಮಾಡತಕ್ಕದ್ದು. ತಳವು ತೀರ ಕೆಳಕ್ಕಿಳಿದರೆ ಮಾತ್ರ ಕಾಯದೆ ಅಂದೇ ವೈದ್ಯರನ್ನು ಕೇಳಬೇಕು. ಸೂಜಿಗೆ ಮುಂಚಿನ ಅಂಕಿಯು ವೈದ್ಯರು ಗೊತ್ತುಮಾಡಿದ ಮಿತಿಗಿಂತ ಕೆಳಗಿದ್ದರೂ, ಬೆಕ್ಕು ಆಹಾರವನ್ನು ಮುಟ್ಟದಿದ್ದರೂ ಹಾಗೆಯೇ.

ಇದರೊಂದಿಗೆ ಪಿಷ್ಟ ಕಡಿಮೆಯಾದ, ಪ್ರೋಟೀನು ಹೆಚ್ಚಾದ ಆಹಾರವೂ ಅಗತ್ಯ. ಹಾಲು ಅನ್ನದ ಮೇಲೆ ಬೆಳೆದ ನಮ್ಮ ನಾಡಿನ ಮನೆಬೆಕ್ಕುಗಳಿಗೆ ಇದು ದೊಡ್ಡ ಮಾರ್ಪಾಡೇ ಸರಿ. ಆಹಾರವನ್ನು ಬದಲಿಸಿದಾಗ ಇನ್ಸುಲಿನ್ನಿನ ಅಗತ್ಯವು ಇಳಿಯಬಹುದಾದ್ದರಿಂದ ಆ ದಿನಗಳಲ್ಲಿ ಪರೀಕ್ಷೆಯನ್ನು ಹೆಚ್ಚಿಸಬೇಕು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುವ, ಬಾಯಿಯಿಂದ ಕೊಡುವ ಎರಡು ಔಷಧಗಳಿಗೆ ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಅನುಮತಿ ದೊರೆಯಿತು. ಆದರೆ ಅವು ಎಲ್ಲ ಬೆಕ್ಕುಗಳಿಗೂ ಒಗ್ಗುವಂಥವಲ್ಲ. ಮೊದಲೇ ಇನ್ಸುಲಿನ್ ಪಡೆದ ಬೆಕ್ಕುಗಳಿಗೆ ಅವನ್ನು ಕೊಡಕೂಡದೆಂದು ಎಚ್ಚರಿಸಲಾಗಿದೆ.

ನಮ್ಮ ಬೆಕ್ಕು ಈಗ ಮತ್ತೆ ಕಾಲ್ಬೆರಳುಗಳ ಮೇಲೆ ಸರಿಯಾಗಿ ನಿಲ್ಲುತ್ತಿದೆ. ಎರಡು ಯೂನಿಟ್ಟಿಗೆ ಏರಿದ್ದ ಮದ್ದು ಅರ್ಧಕ್ಕೆ ಇಳಿದಿದೆ. ಪೂರ್ತಿ ನಿಲ್ಲುವ ದಿನ ಬರುವುದೋ ಇಲ್ಲವೋ, ನೋಟುಪುಸ್ತಕವೇ ಹೇಳಬೇಕು. ಬೆಳಗ್ಗೆ ಏಳಕ್ಕೆ ಮೀಟರಿನ ಸದ್ದು ಕೇಳಿದೊಡನೆ ಅದು ತಾನಾಗಿಯೇ ಬಂದು ಕಿವಿಯನ್ನೊಡ್ಡಿ ಕುಳಿತುಕೊಳ್ಳುತ್ತದೆ. ಪರೀಕ್ಷೆಯಾದ ಮೇಲೆ ಒಂದು ತುಂಡು ಬೇಯಿಸಿದ ಕೋಳಿಮಾಂಸ ಸಿಕ್ಕುವುದೆಂದು ಅದಕ್ಕೆ ಗೊತ್ತು. ವಾಚಕರ ಮನೆಯ ಬೆಕ್ಕು ಬಹಳ ನೀರು ಕುಡಿಯತೊಡಗಿದರೆ, ತಿಂದೂ ಬಡವಾಗುತ್ತಿದ್ದರೆ, ಅದನ್ನು ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತೋರಿಸಬೇಕು. ಮರಳಿನ ತಟ್ಟೆಗೆ ಇರುವೆ ಬರುವವರೆಗೆ ನಾವು ಕಾದೆವು, ಅಷ್ಟು ಕಾಯಬೇಕಾಗಿರಲಿಲ್ಲ.