ಅಪ್ಪನ ಹುಟ್ಟುಹಬ್ಬಕ್ಕೆ ಬಂದ ಡಕೋಟಾ

ಚೆನ್ನೈಗೆ ಬಂದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದರು. ಅಮ್ಮ ಹೋದ ಮರುವರ್ಷ ಯಲಹಂಕದ ಮನೆಗೆ ಬೀಗ ಹಾಕಿ, ಅವರನ್ನು ವೇಳಚೇರಿಯ ನಮ್ಮ ಫ್ಲ್ಯಾಟಿಗೆ ಕರೆತಂದಿದ್ದೆವು. ಮೊದಲು ಅಮ್ಮನ ನೆನಪಿರಬೇಕು ಅಂದುಕೊಂಡೆ. ಆಮೇಲೆ ತಮಿಳು ಬಾರದ್ದಕ್ಕೆ ಇರಬೇಕು ಅನ್ನಿಸಿತು. ಊರು ಬಿಟ್ಟು ಬಂದ ನಮಗೆಲ್ಲ ಹಿರಿಯರ ಮೌನಕ್ಕೆ ಈ ಎರಡು ಕಾರಣ ಸಲೀಸಾಗಿ ಸಿಕ್ಕಿಬಿಡುತ್ತವೆ. ನನ್ನ ಏಳು ವರ್ಷದ ಮಗಳು ಶಾಲೆಯಿಂದ ಬಂದು "ತಾತಾ, ಇವತ್ತು ಏನಾಯ್ತು ಗೊತ್ತಾ?" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರೆ ಅಪ್ಪ ನಗುತ್ತ "ಹೂಂ, ಹೌದಾ" ಅನ್ನುತ್ತಿದ್ದರು. ಒಂದು ದಿನ ಅವಳು "ತಾತಾ, ಮೊಣಕಾಲು ಕೆತ್ತಿ ರಕ್ತ ಬಂತು" ಅಂದಾಗಲೂ ನಗುತ್ತ "ಹೌದಾ, ಒಳ್ಳೇದು" ಅಂದರು. ಆಗ ನನಗೆ ಅರ್ಥವಾಯಿತು.

2024ರ ಆಗಸ್ಟಿನಲ್ಲಿ ಕಿವಿ ಪರೀಕ್ಷೆಗೆ ಕರೆದೊಯ್ದೆ. ಫಾರಂ ತುಂಬಿದ್ದು ನಾನೇ. 'ಹಿಂದಿನ ಉದ್ಯೋಗ' ಅಂತಿದ್ದ ಕಡೆ 'ಬ್ಯಾಂಕ್' ಅಂತ ಬರೆದೆ. ಪರೀಕ್ಷೆ ಮಾಡಿದ ಹುಡುಗಿ ಗ್ರಾಫ್ ತೋರಿಸಿದಳು. ದಪ್ಪ ಸ್ವರಗಳ ಕಡೆ ಗೆರೆ ಪರವಾಗಿಲ್ಲ, ತೆಳು ಸ್ವರಗಳ ಕಡೆ ಹೋಗುತ್ತ ಹೋಗುತ್ತ ಗುಂಡಿಗೆ ಬಿದ್ದಂತೆ ಇಳಿದಿತ್ತು. ಮಕ್ಕಳ ದನಿ, ಹೆಂಗಸರ ದನಿ, ಸ-ಶ-ಕ-ತ ಇಂಥ ಅಕ್ಷರಗಳು ಮೊದಲು ಹೋಗುತ್ತವಂತೆ. "ಇದು ಬರೀ ವಯಸ್ಸಿನದಲ್ಲ ಮೇಡಂ, ತುಂಬಾ ಸದ್ದಿನ ಜಾಗದಲ್ಲಿ ಕೆಲಸ ಮಾಡಿದ್ದರೇ?" ಅಂತ ಕೇಳಿದಳು. "ಇಲ್ಲಪ್ಪ, ಬ್ಯಾಂಕಿನಲ್ಲಿ ಕ್ಲರ್ಕು" ಅಂದೆ. ಪಕ್ಕದಲ್ಲೇ ಕೂತಿದ್ದ ಅಪ್ಪನಿಗೆ ನಮ್ಮ ಮಾತು ಕೇಳಿಸಲಿಲ್ಲ. ಕಿವಿ ಮೆಷಿನ್ ಕೊಂಡೆವು. ಅದು ಹೆಚ್ಚಿನ ದಿನ ಡಬ್ಬಿಯಲ್ಲೇ ಇರುತ್ತಿತ್ತು. "ಎಲ್ಲಾ ತಗಡು ಬಡಿದ ಹಾಗೆ ಕೇಳತ್ತೆ" ಅನ್ನುವುದು ಅವರ ತಕರಾರು.

ಅಪ್ಪ ವಾಯುಪಡೆಯಲ್ಲಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಅಟ್ಟದ ಮೇಲೆ ಅವರ ಹೆಸರು, ನಂಬರು ಬರೆದ ಕಪ್ಪು ಟ್ರಂಕು ಇತ್ತು. ಕ್ಯಾಂಟೀನ್ ಕಾರ್ಡಿನಲ್ಲಿ ಕುಕ್ಕರ್, ಮಿಕ್ಸಿ ಬರುತ್ತಿದ್ದವು. ಆದರೆ ಹದಿನೈದು ವರ್ಷ ಮುಗಿಸಿ 1980ರಲ್ಲಿ ಹೊರಬಂದು, ಆ ಕಾಲದ ಎಷ್ಟೋ ಏರ್‌ಮನ್‌ಗಳ ಹಾಗೆ ಮಾಜಿ ಸೈನಿಕರ ಕೋಟಾದಲ್ಲಿ ಬ್ಯಾಂಕ್ ಸೇರಿದ ಮೇಲೆ ಹುಟ್ಟಿದವಳು ನಾನು. ನಾನು ಕಂಡ ಅಪ್ಪ ಅಂದರೆ ಲೆಡ್ಜರು, ಮೊಹರು, ಊಟದ ಡಬ್ಬಿ, ಸಂಜೆ ಆರೂವರೆಯ ಬಸ್ಸು. ಟ್ರಂಕಿನಲ್ಲಿದ್ದ ಮನುಷ್ಯನ ಬಗ್ಗೆ ನಾನು ಕೇಳಿದ್ದೂ ಇಲ್ಲ, ಅವರು ಹೇಳಿದ್ದೂ ಇಲ್ಲ. ಕೇಳಿದರೆ "ನಾನೇನು ಯುದ್ಧ ಮಾಡಿದೆನಾ? ಸ್ಪ್ಯಾನರ್ ಹಿಡಿದವನು" ಅಂತ ಮುಗಿಸಿಬಿಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು. ವಾಯುಪಡೆಯ 92ನೇ ವರ್ಷದ ಪ್ರಯುಕ್ತ ಅಕ್ಟೋಬರ್ 6ರ ಭಾನುವಾರ ಮರೀನಾ ಕಡಲತೀರದ ಮೇಲೆ ವಿಮಾನಗಳ ಪ್ರದರ್ಶನ. ರಫೇಲ್, ಸುಖೋಯ್, ತೇಜಸ್ ಎಲ್ಲದರ ಜೊತೆಗೆ ಹಳೇ ಕಾಲದ ಡಕೋಟಾ ಮತ್ತು ಹಾರ್ವರ್ಡ್ ಕೂಡ ಹಾರುತ್ತವೆ ಅಂತ. ಅಕ್ಟೋಬರ್ 6 ಅಪ್ಪನ ಹುಟ್ಟುಹಬ್ಬ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು ಅದು, ನಿಜವಾದದ್ದು ಯಾವುದೋ ದೇವರಿಗೇ ಗೊತ್ತು ಅಂತ ಅವರೇ ಹೇಳುತ್ತಾರೆ. ಆ ಲೆಕ್ಕದಲ್ಲಿ 78 ತುಂಬುತ್ತಿತ್ತು. ಪೇಪರ್ ತೋರಿಸಿದೆ. 'ಡಕೋಟಾ' ಅನ್ನುವ ಪದದ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಕೂತರು. ಆಮೇಲೆ "ಹೋಗೋಣ" ಅಂದರು. ಚೆನ್ನೈಗೆ ಬಂದ ಮೇಲೆ ಅವರಾಗಿಯೇ ಎಲ್ಲಿಗಾದರೂ ಹೋಗೋಣ ಅಂದದ್ದು ಅದೇ ಮೊದಲು.

ಆದರೆ ಎಲ್ಲಿ ನಿಂತು ನೋಡಬೇಕು ಅನ್ನುವುದರ ಮೇಲೆ ನಮಗೆ ಜಗಳವಾಯಿತು. ಅವರಿಗೆ ಮರಳಿನ ಮೇಲೆ, ನೀರಿನ ಪಕ್ಕದಲ್ಲೇ ನಿಲ್ಲಬೇಕು. ನನಗೆ ಅವರ ಬಿಪಿ ಮಾತ್ರೆಯ ಚಿಂತೆ. ಹನ್ನೊಂದರಿಂದ ಒಂದು ಗಂಟೆಯವರೆಗೆ, ಚೆನ್ನೈನ ಬಿಸಿಲಿನಲ್ಲಿ, ನೆರಳೇ ಇಲ್ಲದ ಕಡಲತೀರದಲ್ಲಿ. "ನಾನು ಜೋರ್ಹಾಟಿನ ಟಾರ್‌ಮ್ಯಾಕ್ ಮೇಲೆ ದಿನಗಟ್ಟಲೆ ನಿಂತವನು ಕಣಮ್ಮ" ಅಂದರು. "ಆಗ ನಿಮಗೆ ಇಪ್ಪತ್ತೆರಡು ವರ್ಷ ಅಪ್ಪ" ಅಂದೆ, ಕಿವಿಯ ಹತ್ತಿರ ಕೂಗಿ. ಕೂಗಿ ಹೇಳಿದ ಮಾತೆಲ್ಲ ಬೈದ ಹಾಗೇ ಕೇಳುತ್ತದೆ. ಎರಡು ದಿನ ಮುನಿಸಿಕೊಂಡರು. ಕೊನೆಗೆ ನಮ್ಮ ಆಫೀಸಿನ ಗೆಳತಿಯೊಬ್ಬಳು ತಿರುವಲ್ಲಿಕ್ಕೇಣಿಯ ತನ್ನ ಅತ್ತೆ ಮನೆಯ ತಾರಸಿಗೆ ಬನ್ನಿ ಅಂದಳು. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಅಪ್ಪ ಒಪ್ಪಿದರು ಅನ್ನುವುದಕ್ಕಿಂತ ವಾದ ಬಿಟ್ಟರು.

ಬೆಳಿಗ್ಗೆ ಆರೂವರೆಗೇ ವೇಳಚೇರಿಯಿಂದ ರೈಲು ಹತ್ತಿದೆವು. ಅಷ್ಟು ಹೊತ್ತಿಗೇ ಬೋಗಿಯಲ್ಲಿ ಕೊಡೆ, ನೀರಿನ ಬಾಟಲಿ, ಹೆಗಲ ಮೇಲೆ ಮಕ್ಕಳು. ಗೆಳತಿಯ ಅತ್ತೆ ಮನೆಯಲ್ಲಿ ನವರಾತ್ರಿಯ ಗೊಂಬೆ ಕೂರಿಸಿದ್ದರು, ಅಲ್ಲಿ ಗೊಲು ಅನ್ನುತ್ತಾರೆ. ಮೆಟ್ಟಿಲುಗಳ ಮೇಲೆ ದಶಾವತಾರ, ಕೆಳಗೆ ಶೆಟ್ಟಿ ಅಂಗಡಿಯ ಗೊಂಬೆಗಳು. ನಮ್ಮ ಪಟ್ಟದ ಗೊಂಬೆಗಳಿಲ್ಲ ಅನ್ನುವುದು ಬಿಟ್ಟರೆ ಯಲಹಂಕದ ನಮ್ಮ ಮನೆಯದೇ. ಹುಟ್ಟುಹಬ್ಬ ಅಂತ ತಿಳಿದು ಆಕೆ ಅಪ್ಪನ ಕೈಗೆ ಸುಂಡಲ್, ಪಾಯಸ ಎರಡೂ ಕೊಟ್ಟರು. ಅಪ್ಪ ಆ ದಿನ ನಾನು ಹೇಳದೆಯೇ ಕಿವಿ ಮೆಷಿನ್ ಹಾಕಿಕೊಂಡಿದ್ದರು. ಬಿಳಿ ಷರಟು ಹಾಕಿ, ಮೀಸೆ ಕತ್ತರಿಸಿಕೊಂಡಿದ್ದರು.

ಪ್ರದರ್ಶನ ಶುರುವಾಯಿತು. ಜೆಟ್‌ಗಳು ಬಂದವು, ಕಿಟಕಿ ಗಾಜು ನಡುಗಿತು, ಮಕ್ಕಳು ಕಿರುಚಿದರು. ಬೀದರಿನಿಂದ ಬರುವ ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳನ್ನು ತೋರಿಸಿ, ಇವು ನಮ್ಮೂರಿನವು, ಸಾರಂಗ್ ತಂಡದ ಹೆಲಿಕಾಪ್ಟರ್‌ಗಳೂ ಬೆಂಗಳೂರಿನ ಎಚ್‌ಎಎಲ್‌ನವು ಅಂತ ತಾರಸಿಯ ಮೇಲಿದ್ದ ತಮಿಳರಿಗೆಲ್ಲ ನಾನು ಹೇಳಿದ್ದೇ ಹೇಳಿದ್ದು. ಹೊರರಾಜ್ಯದಲ್ಲಿರುವವರಿಗೆ ಈ ಚಟ ತಪ್ಪದು. ಅಪ್ಪ ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆ ಹಿಡಿದು ಸುಮ್ಮನಿದ್ದರು. ಒಂದೊಂದು ಜೆಟ್ ಹೋದಾಗಲೂ ಮುಖ ಕಿವುಚುತ್ತಿದ್ದರು.

ನಡುವೆ ಸ್ವಲ್ಪ ಹೊತ್ತು ಆಕಾಶ ಖಾಲಿಯಾಯಿತು. ಜನ ನೀರು ಕುಡಿಯುತ್ತ, ಫೋನ್ ನೋಡುತ್ತ ನಿಂತಿದ್ದರು. ಅಪ್ಪ ಎರಡೂ ಕಿವಿಯ ಮೆಷಿನ್ ತೆಗೆದು ಷರಟಿನ ಜೇಬಿಗೆ ಹಾಕಿಕೊಂಡರು. ಕೊಡೆ ಮಡಿಸಿ ಎದ್ದು ನಿಂತರು. "ಬರ್ತಾ ಇದೆ" ಅಂದರು.

"ಏನಪ್ಪ?"

ನಮಗೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ, ಕೆಳಗೆ ರಸ್ತೆಯ ಗದ್ದಲ ಬಿಟ್ಟರೆ. ಅಪ್ಪ ಮುಖ ಎತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಆಮೇಲೆ ನನಗೂ ಕೇಳಿಸಿತು. ಜೆಟ್‌ನ ಹಾಗೆ ಆಕಾಶ ಹರಿಯುವ ಸದ್ದಲ್ಲ. ದೂರದಲ್ಲಿ ರಾಗಿ ಬೀಸುವ ಕಲ್ಲಿನ ಹಾಗೆ, ದಪ್ಪನೆಯ, ಒಂದೇ ಸಮನಾದ ಗುಂಯ್‌ಗುಡುವಿಕೆ. ಅದು ಎದೆಗೆ ಮೊದಲು ತಿಳಿಯಿತು, ಕಿವಿಗೆ ಆಮೇಲೆ.

"ಎರಡೂ ಎಂಜಿನ್ ಹೊಂದಿಕೊಂಡಿವೆ ನೋಡು. ಹೊಂದಿಲ್ಲ ಅಂದ್ರೆ ವ್ಹೂಂ... ವ್ಹೂಂ... ಅಂತ ಅಲೆ ಅಲೆಯಾಗಿ ಬರತ್ತೆ. ಚೆನ್ನಾಗಿ ಇಟ್ಟಿದ್ದಾರೆ" ಅಂದರು ಅಪ್ಪ, ಕಣ್ಣು ತೆರೆಯದೆ.

ಆಮೇಲೆ ಅದು ಕಾಣಿಸಿತು. ಮೂತಿ ದುಂಡಗೆ, ಹೊಟ್ಟೆ ದುಂಡಗೆ, ಅವಸರವೇ ಇಲ್ಲದೆ ಸಮುದ್ರದ ಕಡೆಗೆ ಹೋಗುತ್ತಿತ್ತು. ಸುಖೋಯ್ ನೋಡಿ ಕುಣಿದಿದ್ದ ಮಗಳು "ಇಷ್ಟು ಮೆಲ್ಲಗಾ?" ಅಂದಳು. ಅದು ಕಟ್ಟಡಗಳ ಆಚೆ ಮರೆಯಾದ ಮೇಲೂ ಅಪ್ಪ ನಿಂತೇ ಇದ್ದರು. ಕೈ ಮುಗಿಯಲಿಲ್ಲ, ಸೆಲ್ಯೂಟ್ ಹೊಡೆಯಲಿಲ್ಲ, ಅಂಥದ್ದೇನೂ ಇಲ್ಲ. ಬಲಗೈಯ ಬೆರಳುಗಳು ಮಾತ್ರ ಏನನ್ನೋ ತಿರುಗಿಸುತ್ತಿದ್ದ ಹಾಗೆ ಅಲ್ಲಾಡುತ್ತಿದ್ದವು.

ಹಾರ್ವರ್ಡ್ ಕೂಡ ಬಂತು. ಪುಟ್ಟ ವಿಮಾನ, ಕರ್ಕಶ ಸದ್ದು. "ಅದು ಎಂಜಿನ್ ಸದ್ದಲ್ಲ, ಪ್ರೊಪೆಲರ್ ತುದಿಯದ್ದು. ತುದಿ ಸುತ್ತೋ ವೇಗ ಶಬ್ದದ ವೇಗದ ಹತ್ತಿರ ಹೋಗತ್ತೆ, ಅದಕ್ಕೇ ಕಿರುಚತ್ತೆ" ಅಂತ ಅಪ್ಪ ತಾರಸಿಗೆಲ್ಲ ಕೇಳುವಂತೆ ಹೇಳಿದರು. ಕನ್ನಡದಲ್ಲಿ. ಗೆಳತಿಯ ಮಾವ ತಲೆಯಾಡಿಸಿದರು, ಎಷ್ಟು ಅರ್ಥವಾಯಿತೋ.

ಪ್ರದರ್ಶನ ಮುಗಿದ ಮೇಲೆ ರಸ್ತೆಗಿಳಿಯುವ ಮಾತೇ ಇರಲಿಲ್ಲ. ಲಕ್ಷಾಂತರ ಜನ ಒಟ್ಟಿಗೆ ಮನೆಗೆ ಹೊರಟಿದ್ದರು. ಸಂಜೆಯವರೆಗೂ ಅಲ್ಲೇ ಉಳಿದೆವು. ಆ ನಾಲ್ಕೈದು ಗಂಟೆಯಲ್ಲಿ ಅಪ್ಪ ಮಾತಾಡಿದಷ್ಟು ನನ್ನ ಮದುವೆಯ ಮಾತುಕತೆಯಲ್ಲೂ ಆಡಿರಲಿಲ್ಲ.

ಡಕೋಟಾದ್ದು ತಲಾ 1,200 ಅಶ್ವಶಕ್ತಿಯ ಎರಡು ಎಂಜಿನ್. ಒಂದೊಂದರಲ್ಲಿ ಹದಿನಾಲ್ಕು ಸಿಲಿಂಡರ್, ಎರಡು ಸುತ್ತಾಗಿ ಹೂವಿನ ಎಸಳಿನ ಹಾಗೆ ಜೋಡಿಸಿದ್ದು. ರಾತ್ರಿ ನಿಂತ ಎಂಜಿನ್‌ನಲ್ಲಿ ಆಯಿಲ್ ಇಳಿದು ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಒಳಗೆ ಮುರಿಯುತ್ತದೆ. ಅದಕ್ಕೆ ಬೆಳಗಿನ ಜಾವ ಪ್ರೊಪೆಲರನ್ನು ಕೈಯಲ್ಲೇ ಎಳೆದು, ಒಂದೊಂದೇ ಬ್ಲೇಡ್ ಎಣಿಸುತ್ತ ಸುತ್ತಿಸಬೇಕು. ಅಪ್ಪನ ಬಲ ಭುಜದ ನೋವಿಗೆ ಅಮ್ಮ ಮೂವತ್ತು ವರ್ಷ ನೀಲಗಿರಿ ಎಣ್ಣೆ ತಿಕ್ಕಿದ್ದರು. ಬ್ಯಾಂಕಿನ ಲೆಡ್ಜರ್ ಎತ್ತಿ ಎತ್ತಿ ಬಂದದ್ದು ಅಂತ ನಾವು ತಿಳಿದಿದ್ದೆವು. "ಆಯಿಲ್ ಸೋರ್ತಾ ಇದ್ರೆ ಎಂಜಿನ್ ಚೆನ್ನಾಗಿದೆ ಅಂತ ಲೆಕ್ಕ. ಸೋರ್ತಾ ಇಲ್ಲ ಅಂದ್ರೆ ಆಯಿಲ್ ಖಾಲಿಯಾಗಿದೆ ಅಂತ" ಅಂದು ತಾವೇ ನಕ್ಕರು. ರೆಕ್ಕೆ, ಮೈ ಎಲ್ಲ ಲೋಹ. ಆದರೆ ಬಾಲದಲ್ಲಿ, ರೆಕ್ಕೆಯ ಅಂಚಿನಲ್ಲಿ ಅಲ್ಲಾಡುವ ಭಾಗಗಳಿಗೆ ಬಟ್ಟೆ ಹೊದಿಸಿ ಬಣ್ಣದಂಥ ದ್ರಾವಣ ಬಳಿದಿರುತ್ತಾರೆ. ನೆಲದ ಮೇಲೆ ನಿಂತಾಗ ಬಾಲ ಕೆಳಗೆ, ಮೂತಿ ಮೇಲೆ. ಒಳಗೆ ಹತ್ತಿದರೆ ಬೆಟ್ಟ ಹತ್ತಿದ ಹಾಗೆ ನಡೆಯಬೇಕು.

ಜೋರ್ಹಾಟಿನಿಂದ ಗಡಿಯ ಠಾಣೆಗಳಿಗೆ ಅಕ್ಕಿ, ಉಪ್ಪು, ಸೀಮೆಎಣ್ಣೆ ತುಂಬಿಕೊಂಡು ಹೋಗಿ ಮೇಲಿನಿಂದಲೇ ಹಾಕಿ ಬರುತ್ತಿದ್ದವಂತೆ. ಮಧ್ಯಾಹ್ನ ಬರಬೇಕಾದದ್ದು ಬರುವವರೆಗೂ ಫಿಟ್ಟರ್‌ಗಳು ಊಟಕ್ಕೆ ಹೋಗುತ್ತಿರಲಿಲ್ಲ. "ಸದ್ದು ಕೇಳೋವರೆಗೂ ಕೂತಿರ್ತಿದ್ವಿ. ಯಾರಿಗೆ ಮೊದಲು ಕೇಳತ್ತೆ ಅಂತ ಪಂದ್ಯ. ಹೆಚ್ಚಾಗಿ ನಾನೇ ಗೆಲ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಒಂದು ದಿನ ಯಾರೂ ಗೆಲ್ಲಲಿಲ್ಲ" ಅಂದರು. ನಾನು ಮುಂದೆ ಕೇಳಲಿಲ್ಲ. ಅವರೂ ಮುಂದುವರಿಸಲಿಲ್ಲ. ನಂತರ ಯಲಹಂಕಕ್ಕೆ ವರ್ಗವಾಯಿತು. ಅಲ್ಲಿ ಇದೇ ಡಕೋಟಾಗಳಲ್ಲಿ ಹೊಸ ಪೈಲಟ್‌ಗಳಿಗೆ ತರಬೇತಿ. ನಮ್ಮ ಮನೆ ಯಲಹಂಕದಲ್ಲೇ ಯಾಕೆ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಆ ದಿನ ಹಾರಿದ ಡಕೋಟಾದ ಕಥೆಯನ್ನು ನಾನು ಫೋನಿನಲ್ಲಿ ಹುಡುಕಿ ಅವರಿಗೆ ಓದಿ ಹೇಳಿದೆ. ಹೆಸರು 'ಪರಶುರಾಮ', ನಂಬರು ವಿಪಿ 905. ಇಂಗ್ಲೆಂಡಿನಲ್ಲಿ ಸರಿಪಡಿಸಿ, 2018ರಲ್ಲಿ ಅಲ್ಲಿಂದ ಹಾರಿಸಿಕೊಂಡು ಬಂದದ್ದು. ಆ ವರ್ಷದ ಮೇ ತಿಂಗಳಲ್ಲಿ ಹಿಂಡನ್ ವಾಯುನೆಲೆಯಲ್ಲಿ ಮತ್ತೆ ವಾಯುಪಡೆ ಸೇರಿತು. ಕೊಡುಗೆ ಕೊಟ್ಟವರು ರಾಜೀವ್ ಚಂದ್ರಶೇಖರ್. ಅವರ ತಂದೆ ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಹಾರಿಸಿದವರು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ ಡಕೋಟಾದ ನಂಬರನ್ನೇ ಇದಕ್ಕೂ ಇಟ್ಟಿದ್ದಾರೆ. "ಲೇಹ್‌ದು ಬರೆದಿಲ್ವಾ?" ಅಂದರು ಅಪ್ಪ. 1948ರ ಮೇ 24ರಂದು ಮೆಹರ್ ಸಿಂಗ್ ಅವರು ಡಕೋಟಾವನ್ನು ಲೇಹ್‌ನ ಮರಳ ದಂಡೆಯ ಪಟ್ಟಿಯ ಮೇಲೆ ಇಳಿಸಿದಾಗ ಜೊತೆಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಹತ್ತು ಸಾವಿರ ಅಡಿಗಿಂತ ಎತ್ತರದ ಜಾಗ. "ಅಷ್ಟು ತೆಳುಗಾಳೀಲಿ ಆ ಎಂಜಿನ್ ಎಷ್ಟು ಏದುಸಿರು ಬಿಟ್ಟಿರಬೇಕು ಪಾಪ" ಅಂದರು, ಎತ್ತಿನ ಬಗ್ಗೆ ಹೇಳುವ ಹಾಗೆ.

ಮನೆ ಮುಟ್ಟಿದಾಗ ರಾತ್ರಿ ಎಂಟೂವರೆ. ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಬಿಸಿಲು, ಜನಜಂಗುಳಿಯ ನಡುವೆ ಪ್ರದರ್ಶನ ನೋಡಲು ಹೋದವರಲ್ಲಿ ಐದು ಮಂದಿ ತೀರಿಕೊಂಡಿದ್ದರು. ಬೆಂಗಳೂರಿನಿಂದ ಅಣ್ಣ, ಚಿಕ್ಕಮ್ಮ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಅಪ್ಪ ಕೇಕ್ ಬೇಡ ಅಂದರು. ಮಜ್ಜಿಗೆ ಅನ್ನ ಉಂಡು, ಟಿವಿ ಆರಿಸಿದರು. "ಮರಳಿನ ಮೇಲೇ ನಿಲ್ಲಬೇಕು ಅಂತ ಹಟ ಹಿಡಿದಿದ್ದೆ" ಅಂತಷ್ಟೇ ಹೇಳಿ ಮಲಗಲು ಹೋದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮಗೆ ತಾರಸಿ ಕೊಡುವ ಗೆಳತಿ ಇದ್ದಳು, ಅಷ್ಟೇ ವ್ಯತ್ಯಾಸ.

ಮುಂದಿನ ಶನಿವಾರ ಕಿವಿ ಮೆಷಿನ್ ಸರಿಹೊಂದಿಸಲು ಮತ್ತೆ ಅದೇ ಕ್ಲಿನಿಕ್ಕಿಗೆ ಹೋದೆವು. ಅಪ್ಪನೇ ಬರುತ್ತೇನೆ ಅಂದಿದ್ದರು. "ಮಗು ಮಾತು ಕೇಳಬೇಕಲ್ಲ, ದೊಡ್ಡ ಸದ್ದು ಹೇಗೂ ಕೇಳತ್ತೆ" ಅಂತ. ಅದೇ ಹುಡುಗಿ, ಅದೇ ಫೈಲು. ನಾನು ಬರೆದಿದ್ದ 'ಬ್ಯಾಂಕ್' ಅನ್ನುವುದನ್ನು ತೋರಿಸಿ, ಇದು ತಪ್ಪು, ತಿದ್ದಬೇಕು ಅಂದೆ. ಅಪ್ಪ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಬ್ಯಾಂಕನ್ನು ಹೊಡೆದುಹಾಕದೆ, ಅದರ ಮುಂದೆ ಲೆಡ್ಜರಿನ ಅದೇ ಗುಂಡು ಅಕ್ಷರದಲ್ಲಿ 'ಎಂಜಿನ್ ಫಿಟ್ಟರ್, ಡಕೋಟಾ, 15 ವರ್ಷ' ಅಂತ ಇಂಗ್ಲಿಷಿನಲ್ಲಿ ಬರೆದರು.

"ಡಕೋಟಾ ಅಂದರೆ ಏನು ಅಂಕಲ್?" ಅಂತ ಹುಡುಗಿ ಕೇಳಿದಳು.

ಅಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು. ಹೊರಗೆ ಇನ್ನೂ ಆರು ಜನ ಟೋಕನ್ ಹಿಡಿದು ಕೂತಿದ್ದರು.