ಉಸಿರಾಡುವ ಬ್ಯಾಟರಿ

ಮನೆಯಲ್ಲಿ ಕಿವಿ ಮಂದವಾದ ಹಿರಿಯರಿದ್ದರೆ ಅವರ ಹಿಯರಿಂಗ್ ಏಡ್‌ನ ಪುಟ್ಟ ಸೆಲ್ಲನ್ನು ಒಮ್ಮೆ ನೋಡಿ. ಹೊಸ ಸೆಲ್ಲಿನ ಮೇಲೆ ಬಣ್ಣದ ಸ್ಟಿಕ್ಕರ್, ಅದರಡಿ ಸೂಜಿಮೊನೆಯಷ್ಟು ತೂತು. ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಹಾಗೇ ಬಿಡಬೇಕು. ‘ಹೊಸತೂ ಹಾಳು ಮಾರಾಯ್ರೆ’ ಎಂದು ಅವಸರ ಮಾಡಬೇಡಿ. ಅದು ಉಸಿರು ಎಳ್ಕೊಳ್ತಾ ಇದೆ, ಅಷ್ಟೇ.

ಇದು ಝಿಂಕ್-ಏರ್ ಸೆಲ್. ಒಳಗಿನ ಸತುವಿನ ಪುಡಿ ಬಿಟ್ಟುಕೊಟ್ಟ ಇಲೆಕ್ಟ್ರಾನ್‌ಗಳು ಯಂತ್ರವನ್ನು ನಡೆಸಿ, ಇನ್ನೊಂದು ಬದಿಯಲ್ಲಿ ಗಾಳಿಯ ಆಮ್ಲಜನಕವನ್ನು ಸೇರುತ್ತವೆ. ಆಮ್ಲಜನಕದ ಅಪಕರ್ಷಣೆ ಎಂದರೆ ಇದೇ. ಆದರೆ ಆಮ್ಲಜನಕದ ಎರಡು ಪರಮಾಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸಲು ವಿದ್ಯುದ್ವಾರಕ್ಕೆ ವೇಗವರ್ಧಕ ಲೇಪಿಸಬೇಕು. ಈ ಸೆಲ್ಲಿಗೆ ಅಗ್ಗದ ಮ್ಯಾಂಗನೀಸ್ ಆಕ್ಸೈಡ್ ಸಾಕು. ಹೈಡ್ರೋಜನ್ ಕಾರಿನ ಇಂಧನ ಕೋಶಕ್ಕೆ ಮಾತ್ರ ದುಬಾರಿ ಪ್ಲಾಟಿನಂ ಬೇಕು. ಅದನ್ನು ಹಾಕಿದರೂ ಲೆಕ್ಕದ ಪ್ರಕಾರ ಸಿಗಬೇಕಾದ 1.23 ವೋಲ್ಟ್ ಪೂರ್ತಿ ಸಿಗುವುದಿಲ್ಲ. ನಷ್ಟದ ದೊಡ್ಡ ಪಾಲು ಆಗುವುದು ಆಮ್ಲಜನಕದ ಬದಿಯಲ್ಲೇ.

ಇದನ್ನು ಅಳೆಯುವುದು ಹೇಗೆ? ಪ್ರಯೋಗಾಲಯದಲ್ಲಿ ವೇಗವರ್ಧಕದ ಪುಡಿಯನ್ನು ನೀರು, ಆಲ್ಕೋಹಾಲ್‌ನಲ್ಲಿ ಕಲಸಿ ಶಾಯಿಯಂತೆ ಮಾಡುತ್ತಾರೆ. ಸುಮಾರು 5 ಮಿಲಿಮೀಟರ್ ಅಗಲದ ಇಂಗಾಲದ ಬಿಲ್ಲೆಯ ಮೇಲೆ ಅದರ ಒಂದು ಹನಿ ಇಟ್ಟು ಒಣಗಿಸುತ್ತಾರೆ. ಸುಲೈಮಾನಿಯ ಕಲೆಯಂತೆ ಅಂಚಿನಲ್ಲೇ ದಪ್ಪಗೆ ಒಣಗಿದರೆ ಒಳ್ಳೆಯ ವೇಗವರ್ಧಕವೂ ಸೋತಂತೆ ಕಾಣುತ್ತದೆ! ನಂತರ ಬಿಲ್ಲೆಯನ್ನು ಆಮ್ಲಜನಕ ತುಂಬಿದ ದ್ರಾವಣದಲ್ಲಿ ಮುಳುಗಿಸಿ, ಸಾಮಾನ್ಯವಾಗಿ ನಿಮಿಷಕ್ಕೆ 1600 ಸುತ್ತು ತಿರುಗಿಸುತ್ತಾರೆ. ತಿರುಗದಿದ್ದರೆ ಬಿಲ್ಲೆಯ ಹತ್ತಿರದ ಆಮ್ಲಜನಕ ಬೇಗ ಖಾಲಿಯಾಗುತ್ತದೆ. ತಿರುಗಿದರೆ ಲೆಕ್ಕಕ್ಕೆ ಸಿಗುವ ವೇಗದಲ್ಲಿ ಹೊಸತು ಬರುತ್ತಿರುತ್ತದೆ.

ನಾಲ್ಕು ಇಲೆಕ್ಟ್ರಾನ್ ಸೇರಿದರೆ ನೀರು. ಎರಡಕ್ಕೇ ನಿಂತರೆ ಹೈಡ್ರೋಜನ್ ಪೆರಾಕ್ಸೈಡ್. ಇದು ಇಂಧನ ಕೋಶದ ಪೊರೆಯನ್ನೇ ಹಾಳುಮಾಡುತ್ತದೆ. ಬಿಲ್ಲೆಯ ಸುತ್ತ ಇನ್ನೊಂದು ಉಂಗುರ ಇಟ್ಟು ಈ ಕಳ್ಳದಾರಿಯನ್ನು ಹಿಡಿಯುತ್ತಾರೆ.

ಪ್ಲಾಟಿನಂ ಬಿಟ್ಟು ಬೇರೆ ದಾರಿ ಇಲ್ವಾ? ಕೋಬಾಲ್ಟ್ ಥ್ಯಾಲೋಸಯನೈನ್ ಎಂಬ ಬಣ್ಣದ ಪದಾರ್ಥಕ್ಕೂ ಈ ಗುಣವಿದೆ ಎಂದು 1964ರಲ್ಲೇ ಜಾಸಿನ್ಸ್ಕಿ ತೋರಿಸಿದ್ದರು. ಈಗ ಕಬ್ಬಿಣ, ಸಾರಜನಕ, ಇಂಗಾಲ ಬೆರೆಸಿದ ಅಗ್ಗದ ಪುಡಿಗಳ ಮೇಲೆ ಕೆಲಸ ನಡೆದಿದೆ. ಆದರೆ ಆಮ್ಲದಲ್ಲಿ ಅವು ಬೇಗ ಸೋಲುತ್ತವೆ. ಅವು ಬಾಳಿಕೆ ಬರುವಂತಾದರೆ ಹೊಗೆಯಿಲ್ಲದ ವಾಹನದ ಖರ್ಚು ಇಳಿದೀತು. ಕೆಮಿಸ್ಟ್ರಿ ಓದುತ್ತಿರುವ ನಮ್ಮ ಮಕ್ಕಳಿಗೆ ಇಲ್ಲಿ ಬೇಕಾದಷ್ಟು ಕೆಲಸ ಬಾಕಿ ಇದೆ.

ಒಂದು ಮಾತು ನೆನಪಿರಲಿ: ಬೇಕಾಗುವ ತನಕ ಸ್ಟಿಕ್ಕರ್ ಕೀಳಬೇಡಿ. ಒಮ್ಮೆ ಗಾಳಿ ಹೊಕ್ಕ ಸೆಲ್, ಬಳಸದೆ ಇಟ್ಟರೂ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ.